ನಮ್ಮದೇ ರಕ್ತ, ಹೊರಗಿನ ಜೆಲ್: ಮುಖದ ಚಿಕಿತ್ಸೆಯ ಕುರಿತು ಕೆಲವು ವಿಚಾರಗಳು

ಮಾನವನನ್ನು ಸುಂದರ ರೂಪದಲ್ಲಿ ಸೃಷ್ಟಿಸಿ, ಅವನ ಶರೀರವನ್ನು ಅವನ ಬಳಿ ಅಮಾನತ್ತಾಗಿ ಇರಿಸಿದ ಅಲ್ಲಾಹನಿಗೆ ಸಕಲ ಸ್ತುತಿ. ಅಮಾನತ್ತು ಎಂದರೆ ನಮ್ಮ ವಶದಲ್ಲಿದ್ದರೂ ನಮ್ಮ ಸ್ವತ್ತಲ್ಲದ ವಸ್ತು. ಅದನ್ನು ಕಾಯ್ದುಕೊಳ್ಳುವುದು, ಕೆಟ್ಟಾಗ ಸರಿಪಡಿಸುವುದು ನಮ್ಮ ಹೊಣೆ; ಮನಬಂದಂತೆ ಬದಲಾಯಿಸುವ ಅಧಿಕಾರ ನಮಗಿಲ್ಲ. ಮುಖದ ಚಿಕಿತ್ಸೆಗಳ ಕುರಿತ ಚರ್ಚೆಯೆಲ್ಲವೂ ಕೊನೆಗೆ ಈ ಎರಡರ ನಡುವಿನ ಗೆರೆ ಎಲ್ಲಿದೆ ಎಂಬ ಪ್ರಶ್ನೆಗೇ ಬಂದು ನಿಲ್ಲುತ್ತದೆ.

ಇತ್ತೀಚಿನ ವರ್ಷಗಳಲ್ಲಿ ನಮ್ಮ ಮದುವೆ ಮನೆಗಳ ಮಾತುಕತೆಯಲ್ಲಿ ಎರಡು ಹೊಸ ಶಬ್ದಗಳು ಸೇರಿಕೊಂಡಿವೆ. ಒಂದು ಪಿ.ಆರ್.ಪಿ., ಇನ್ನೊಂದು ಫಿಲ್ಲರ್. ಮೊದಲನೆಯದು ನಮ್ಮದೇ ರಕ್ತದಿಂದ ತಯಾರಾಗುವ ಚುಚ್ಚುಮದ್ದು; ಎರಡನೆಯದು ಚರ್ಮದ ಕೆಳಗೆ ತುಂಬುವ, ಕಾರ್ಖಾನೆಯಲ್ಲಿ ತಯಾರಾದ ಜೆಲ್. ನಗರಗಳ ಚರ್ಮರೋಗ ಚಿಕಿತ್ಸಾಲಯಗಳಲ್ಲಿ ಮಾತ್ರ ಕೇಳಿಬರುತ್ತಿದ್ದ ಈ ಹೆಸರುಗಳು ಇಂದು ಬ್ಯೂಟಿ ಪಾರ್ಲರ್‌ಗಳ ಫಲಕಗಳ ಮೇಲೂ ಮೊಬೈಲ್ ಜಾಹೀರಾತುಗಳಲ್ಲೂ ರಾರಾಜಿಸುತ್ತಿವೆ. ಅವುಗಳ ಬೆನ್ನಿಗೇ ಎರಡು ತೀರ್ಪುಗಳೂ ಬಾಯಿಂದ ಬಾಯಿಗೆ ಹರಡಿವೆ. ‘ಸ್ವಂತ ರಕ್ತವಾದುದರಿಂದ ಪಿ.ಆರ್.ಪಿ. ನಿರಪಾಯಕಾರಿ, ಹಲಾಲ್’ ಎಂಬುದು ಒಂದು. ‘ಫಿಲ್ಲರ್ ರಾಸಾಯನಿಕ, ಆದ್ದರಿಂದ ಅಪಾಯಕಾರಿ, ಹರಾಮ್’ ಎಂಬುದು ಇನ್ನೊಂದು. ಈ ಎರಡು ತೀರ್ಪುಗಳೂ ಪೂರ್ಣ ಸತ್ಯವಲ್ಲ ಎಂಬುದನ್ನು ನಾವು ಹತ್ತಿರದಿಂದ ಕಂಡುಕೊಂಡೆವು.

ನಮ್ಮ ಕುಟುಂಬದಲ್ಲಿ ಈ ಪ್ರಶ್ನೆ ಎರಡು ಮುಖಗಳ ರೂಪದಲ್ಲಿ ಒಟ್ಟಿಗೇ ಎದುರಾಯಿತು. ಹತ್ತಿರದ ಬಂಧುವೊಬ್ಬರ ಮಗಳಿಗೆ ನಿಕಾಹ್ ನಿಶ್ಚಯವಾಗಿತ್ತು. ಉಳಿದಿದ್ದುದು ಏಳು ವಾರ. ಹದಿಹರೆಯದ ಮೊಡವೆಗಳು ಅವಳ ಎರಡೂ ಕೆನ್ನೆಗಳಲ್ಲಿ ಗುಳಿಗಳನ್ನು ಬಿಟ್ಟುಹೋಗಿದ್ದವು. ವರನ ಕಡೆಯ ಹಿರಿಯ ಮಹಿಳೆಯೊಬ್ಬರು, ಮದುವೆಗೆ ಮುನ್ನ ಮುಖವನ್ನು ಸ್ವಲ್ಪ ಸರಿಪಡಿಸಿಕೊಂಡರೆ ಒಳ್ಳೆಯದಿತ್ತು ಎಂದು ಹೇಳಿಹೋದರು. ಆ ಒಂದು ಮಾತು ಮನೆಯ ನಿದ್ದೆಗೆಡಿಸಿತು. ಹುಡುಗಿಯ ತಾಯಿ ಒಂದು ವರ್ಷದ ಹಿಂದೆ ದೀರ್ಘ ಕಾಯಿಲೆಯಿಂದ ಎದ್ದವರು. ದೇಹ ಚೇತರಿಸಿಕೊಂಡಿತ್ತಾದರೂ ಕೆನ್ನೆಗಳು ಒಳಸರಿದು, ಕಣ್ಣುಗಳ ಕೆಳಗೆ ಹಳ್ಳ ಬಿದ್ದಿತ್ತು. ಕಂಡವರೆಲ್ಲ ‘ಇನ್ನೂ ಗುಣವಾಗಿಲ್ಲವೇ’ ಎಂದು ಕೇಳುತ್ತಿದ್ದರು. ಪಾರ್ಲರೊಂದು ತಾಯಿ ಮಗಳಿಬ್ಬರಿಗೂ ಸೇರಿಸಿ ರಿಯಾಯಿತಿ ದರದಲ್ಲಿ ಪಿ.ಆರ್.ಪಿ. ಮಾಡಿಕೊಡುವುದಾಗಿ ಹೇಳಿತು. ‘ನಿಮ್ಮದೇ ರಕ್ತ, ಅಡ್ಡಪರಿಣಾಮದ ಮಾತೇ ಇಲ್ಲ’ ಎಂಬುದು ಅವರ ಭರವಸೆ. ಹಣ ಕಟ್ಟುವ ಮೊದಲು ವಿಚಾರಿಸಿ ನೋಡುವ ಹೊಣೆ ನಮ್ಮ ದಂಪತಿಯ ಪಾಲಿಗೆ ಬಂತು. ನಾವು ತಾಯಿ ಮಗಳಿಬ್ಬರನ್ನೂ ಕರೆದುಕೊಂಡು ಚರ್ಮರೋಗ ತಜ್ಞೆಯೊಬ್ಬರ ಬಳಿಗೂ, ಬಳಿಕ ನಮ್ಮ ಮೊಹಲ್ಲಾದ ಉಸ್ತಾದರ ಬಳಿಗೂ ಹೋದೆವು.

ಮೊದಲು ವಸ್ತುಸ್ಥಿತಿಯನ್ನು ತಿಳಿಯೋಣ. ಮಳೆಗಾಲದಲ್ಲಿ ಡೆಂಗಿ ಹರಡಿದಾಗ ‘ಪ್ಲೇಟ್‌ಲೆಟ್ ಎಷ್ಟಿದೆ’ ಎಂದು ಕೇಳದ ಮನೆ ನಮ್ಮ ನಾಡಿನಲ್ಲಿ ಇರಲಾರದು. ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 1.5 ಲಕ್ಷದಿಂದ 4.5 ಲಕ್ಷದವರೆಗೆ ಇರುವ ಈ ಸೂಕ್ಷ್ಮ ಕಣಗಳು ಗಾಯವಾದೊಡನೆ ಅಲ್ಲಿಗೆ ಧಾವಿಸಿ ರಕ್ತವನ್ನು ಹೆಪ್ಪುಗಟ್ಟಿಸುತ್ತವೆ. ಅವುಗಳಿಗೆ ಇನ್ನೊಂದು ಕೆಲಸವೂ ಉಂಟು. ತಮ್ಮೊಳಗಿನ ಬೆಳವಣಿಗೆಯ ಅಂಶಗಳನ್ನು ಹೊರಚೆಲ್ಲಿ, ಹೊಸ ಅಂಗಾಂಶ ಕಟ್ಟುವಂತೆ ಸುತ್ತಲಿನ ಜೀವಕೋಶಗಳಿಗೆ ಸೂಚನೆ ನೀಡುತ್ತವೆ. ಪಿ.ಆರ್.ಪಿ.ಯ ಮೂಲ ವಿಚಾರ ಇದೇ. ತೋಳಿನಿಂದ ಸಾಮಾನ್ಯವಾಗಿ 10ರಿಂದ 20 ಮಿಲಿಲೀಟರ್ ರಕ್ತ ತೆಗೆದು ಯಂತ್ರದಲ್ಲಿ ವೇಗವಾಗಿ ತಿರುಗಿಸುತ್ತಾರೆ. ಭಾರವಾದ ಕೆಂಪು ಕಣಗಳು ತಳಕ್ಕಿಳಿಯುತ್ತವೆ. ತಿಳಿಹಳದಿ ದ್ರವ ಮೇಲುಳಿಯುತ್ತದೆ. ಅದರಲ್ಲಿ ಪ್ಲೇಟ್‌ಲೆಟ್‌ಗಳು ದಟ್ಟವಾಗಿರುವ ಭಾಗವನ್ನು ಬೇರ್ಪಡಿಸಿ ಅದೇ ವ್ಯಕ್ತಿಯ ಮುಖಕ್ಕೆ ಸಣ್ಣ ಸೂಜಿಗಳಿಂದ ಚುಚ್ಚುತ್ತಾರೆ. ಮೂಳೆ ಮತ್ತು ಕೀಲುಗಳ ಚಿಕಿತ್ಸೆಯಲ್ಲೂ ದಂತವೈದ್ಯದಲ್ಲೂ ಬಳಸಲ್ಪಟ್ಟ ಈ ಕ್ರಮ ಕೂದಲು ಉದುರುವಿಕೆಗೂ ಮುಖದ ಚರ್ಮಕ್ಕೂ ವಿಸ್ತರಿಸಿತು.

ಫಿಲ್ಲರ್‌ನ ವಿಚಾರ ಬೇರೆ. ಅದರ ಹೆಸರೇ ಹೇಳುವಂತೆ ಅದು ತುಂಬುವ ವಸ್ತು. ಅಮೆರಿಕದಲ್ಲಿ 1981ರಲ್ಲಿ ದನದ ಕೊಲಾಜೆನ್‌ನಿಂದ ತಯಾರಾದ ಫಿಲ್ಲರ್‌ಗೆ ಮಾನ್ಯತೆ ದೊರೆಯಿತು. ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಹಯಲ್ಯುರೋನಿಕ್ ಆಮ್ಲದ ಜೆಲ್. ಈ ಪದಾರ್ಥ ನಮ್ಮ ಚರ್ಮದಲ್ಲೂ ಕೀಲುಗಳಲ್ಲೂ ಕಣ್ಣಿನಲ್ಲೂ ಸಹಜವಾಗಿಯೇ ಇದೆ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಎಂಬ ವಿಜ್ಞಾನಿಗಳು ಇದನ್ನು ಮೊದಲು ಬೇರ್ಪಡಿಸಿದ್ದು ದನದ ಕಣ್ಣಿನಿಂದ. ನೀರನ್ನು ಹಿಡಿದಿಟ್ಟುಕೊಂಡು ಉಬ್ಬುವುದು ಇದರ ಗುಣ. ಈ ಬಗೆಯ ಮೊದಲ ಜೆಲ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2003ರಲ್ಲಿ ಒಪ್ಪಿಗೆ ಕೊಟ್ಟಿತು. ಒಂದು ಸಿರಿಂಜಿನಲ್ಲಿ ಇರುವುದು ಸಾಮಾನ್ಯವಾಗಿ ಒಂದು ಮಿಲಿಲೀಟರ್, ಎಂದರೆ ಚಹಾ ಚಮಚದ ಐದನೆಯ ಒಂದು ಭಾಗ. ಅಷ್ಟರಿಂದಲೇ ಬತ್ತಿದ ಜಾಗ ತುಂಬಿಬರುತ್ತದೆ. ಪರಿಣಾಮ ಒಡನೆಯೇ ಕಾಣುತ್ತದೆ. ಜೆಲ್‌ನ ಬಗೆ ಮತ್ತು ಹಾಕಿದ ಜಾಗಕ್ಕೆ ತಕ್ಕಂತೆ ಸಾಮಾನ್ಯವಾಗಿ ಆರು ತಿಂಗಳಿಂದ ಒಂದೂವರೆ ವರ್ಷದವರೆಗೆ ಉಳಿದು ಕ್ರಮೇಣ ಕರಗುತ್ತದೆ.

ತಜ್ಞೆ ನಮಗೆ ಮೊದಲು ಮನಗಾಣಿಸಿದ ಸಂಗತಿ ಇದು: ಇವೆರಡೂ ಒಂದೇ ಕೆಲಸದ ಎರಡು ಮದ್ದುಗಳಲ್ಲ. ಗೋಡೆಯ ಗಾರೆ ಸವೆದಿರುವುದಕ್ಕೂ ಗೋಡೆಯೇ ಕುಸಿದಿರುವುದಕ್ಕೂ ಎಷ್ಟು ವ್ಯತ್ಯಾಸವಿದೆಯೋ ಅಷ್ಟೇ ವ್ಯತ್ಯಾಸ ಇಲ್ಲಿಯೂ ಇದೆ. ಪಿ.ಆರ್.ಪಿ. ಚರ್ಮದ ಹೊರಮೈಯ ನಯ, ಕಾಂತಿ, ಸಣ್ಣ ಗೆರೆಗಳ ಮೇಲೆ ನಿಧಾನವಾಗಿ ಕೆಲಸ ಮಾಡಬಹುದು. ಕಳೆದುಹೋದ ಕೊಬ್ಬಿನ ಜಾಗವನ್ನು ಅದು ತುಂಬಲಾರದು. ಫಿಲ್ಲರ್ ಆ ಜಾಗವನ್ನು ತುಂಬುತ್ತದೆ. ಚರ್ಮದ ಗುಣ ಕೆಟ್ಟಿದ್ದರೆ ಅದನ್ನು ಸರಿಪಡಿಸುವುದು ಅದರ ಮುಖ್ಯ ಕೆಲಸವಲ್ಲ. ತಾಯಿಯ ಒಳಸರಿದ ಕೆನ್ನೆಗೆ ಪಿ.ಆರ್.ಪಿ. ಮಾಡಿಸಿದ್ದರೆ ರಕ್ತವೂ ಹಣವೂ ಖರ್ಚಾಗಿ ಕೆನ್ನೆ ಇದ್ದಂತೆಯೇ ಇರುತ್ತಿತ್ತು. ಇಬ್ಬರಿಗೂ ಒಂದೇ ‘ಪ್ಯಾಕೇಜ್’ ಸೂಚಿಸಿದವರು ಮುಖಗಳನ್ನು ನೋಡಿಯೇ ಇರಲಿಲ್ಲ ಎಂಬುದು ನಮಗೆ ಅಲ್ಲಿಯೇ ಸ್ಪಷ್ಟವಾಯಿತು.

ಇನ್ನು ಪುರಾವೆಯ ವಿಷಯ. ಪಿ.ಆರ್.ಪಿ. ಎಷ್ಟರಮಟ್ಟಿಗೆ ಫಲ ಕೊಡುತ್ತದೆ? 2018ರಲ್ಲಿ ಅಮೆರಿಕದ ‘ಜಾಮಾ ಡರ್ಮಟಾಲಜಿ’ ಪತ್ರಿಕೆಯಲ್ಲಿ ಒಂದು ಪ್ರಯೋಗದ ವರದಿ ಪ್ರಕಟವಾಯಿತು. 27 ಮಂದಿಯನ್ನು ಆಯ್ದುಕೊಂಡು, ಪ್ರತಿಯೊಬ್ಬರ ಒಂದು ಕೆನ್ನೆಗೆ ಪಿ.ಆರ್.ಪಿ.ಯನ್ನೂ ಇನ್ನೊಂದು ಕೆನ್ನೆಗೆ ಬರಿಯ ಉಪ್ಪುನೀರಿನ ದ್ರಾವಣವನ್ನೂ ಚುಚ್ಚಲಾಯಿತು. ಯಾವ ಕೆನ್ನೆಗೆ ಯಾವುದು ಎಂಬುದು ಅವರಿಗೆ ತಿಳಿದಿರಲಿಲ್ಲ. ಆರು ತಿಂಗಳ ಬಳಿಕ ಪಿ.ಆರ್.ಪಿ. ಪಡೆದ ಕೆನ್ನೆಯ ಚರ್ಮ ಹೆಚ್ಚು ಸುಧಾರಿಸಿದೆ ಎಂದು ಚಿಕಿತ್ಸೆ ಪಡೆದವರು ಹೇಳಿದರು. ಆದರೆ ಚಿತ್ರಗಳನ್ನು ನೋಡಿದ ತಜ್ಞರಿಗೆ ಎರಡು ಕೆನ್ನೆಗಳ ನಡುವೆ ಗಣನೀಯ ವ್ಯತ್ಯಾಸ ಕಾಣಿಸಲಿಲ್ಲ. ಫಲವಿಲ್ಲವೆಂದು ಇದರಿಂದ ಹೇಳಲಾಗದು. ಜಾಹೀರಾತುಗಳು ಸಾರುವಂಥ ಪವಾಡವೂ ಇಲ್ಲವೆಂಬುದಂತೂ ಖಚಿತ. ಮೊಡವೆಯ ಗುಳಿಗಳಿಗೆ ಸೂಕ್ಷ್ಮ ಸೂಜಿಗಳ ಚಿಕಿತ್ಸೆಯೊಂದಿಗೆ ಪಿ.ಆರ್.ಪಿ.ಯನ್ನೂ ಸೇರಿಸಿದಾಗ ಸುಧಾರಣೆ ಹೆಚ್ಚೆಂದು ಹಲವು ಸಣ್ಣ ಅಧ್ಯಯನಗಳು ತೋರಿಸಿವೆ. ಅಲ್ಲಿಯೂ ಅದು ಸಹಾಯಕ ಮಾತ್ರ.

‘ನಮ್ಮದೇ ರಕ್ತ, ಆದ್ದರಿಂದ ಅಪಾಯವಿಲ್ಲ’ ಎಂಬ ಮಾತನ್ನು ವಿಶೇಷವಾಗಿ ಪರಿಶೀಲಿಸಬೇಕು. ಸ್ವಂತ ರಕ್ತಕ್ಕೆ ಅಲರ್ಜಿಯಾಗುವ ಸಂಭವ ತೀರ ಕಡಿಮೆ ಎಂಬಷ್ಟು ಭಾಗ ನಿಜ. ಆದರೆ ರಕ್ತ ಹೊರಬಂದು ಮರಳಿ ಒಳಹೋಗುವ ನಡುವೆ ಸಿರಿಂಜು, ಕೊಳವೆ, ಯಂತ್ರ, ಸೂಜಿ, ಮನುಷ್ಯರ ಕೈ ಎಲ್ಲವೂ ಇವೆ. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಪರವಾನಗಿಯಿಲ್ಲದ ಸ್ಪಾ ಒಂದರಲ್ಲಿ ಇದೇ ಬಗೆಯ ಮುಖದ ಚಿಕಿತ್ಸೆ ಪಡೆದ ಮೂವರು ಮಹಿಳೆಯರಿಗೆ ಅಲ್ಲಿಂದಲೇ ಎಚ್.ಐ.ವಿ. ಸೋಂಕು ತಗುಲಿರಬೇಕೆಂದು ಆ ದೇಶದ ರೋಗ ನಿಯಂತ್ರಣ ಕೇಂದ್ರ 2024ರ ಏಪ್ರಿಲ್‌ನಲ್ಲಿ ವರದಿ ಮಾಡಿತು. ಅವರು ಪಡೆದದ್ದು ಹೆಸರಿಗೆ ಸ್ವಂತ ರಕ್ತದ ಚಿಕಿತ್ಸೆಯೇ. ಆ ಸ್ಪಾದಲ್ಲಿ ಹೆಸರಿನ ಗುರುತಿಲ್ಲದ ರಕ್ತದ ಕೊಳವೆಗಳೂ ಹೊರಪೊಟ್ಟಣವಿಲ್ಲದ ಸಿರಿಂಜುಗಳೂ ಪತ್ತೆಯಾದವು. ನಮ್ಮ ಹುಡುಗಿಗೆ ಮಾತುಕೊಟ್ಟ ಪಾರ್ಲರಿನಲ್ಲಿ ಈ ಚಿಕಿತ್ಸೆ ಮಾಡುವ ವೈದ್ಯರು ಯಾರು ಎಂದು ಕೇಳಿದಾಗ ಉತ್ತರ ಬರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು.

ಫಿಲ್ಲರ್‌ನ ಅಪಾಯ ಇನ್ನೊಂದು ಬಗೆಯದು. ಕೆಲವು ದಿನಗಳ ಊತ, ಕಂದುಗಟ್ಟುವಿಕೆ ಸಾಮಾನ್ಯ, ಗಂಟುಗಳೂ ಆಗಬಹುದು. ನಿಜವಾದ ಭಯ ಜೆಲ್ ರಕ್ತನಾಳದೊಳಗೆ ಸೇರಿಕೊಳ್ಳುವುದು. ಆಗ ಅದು ಪೂರೈಸುವ ಭಾಗದ ಚರ್ಮ ಸಾಯಬಹುದು. ಕಣ್ಣಿನ ನಾಳಕ್ಕೆ ತಲುಪಿದರೆ ದೃಷ್ಟಿಯೇ ಶಾಶ್ವತವಾಗಿ ಹೋಗಬಹುದು. ಹುಬ್ಬುಗಳ ನಡುವಿನ ಜಾಗ ಮತ್ತು ಮೂಗು ವಿಶೇಷ ಅಪಾಯದ ಸ್ಥಳಗಳು. ಚುಚ್ಚಿದೊಡನೆ ಚರ್ಮ ಬಿಳಿಚಿಕೊಂಡರೆ, ಅಸಹಜ ನೋವಾದರೆ, ದೃಷ್ಟಿ ಮಂಜಾದರೆ ಒಂದು ನಿಮಿಷವನ್ನೂ ವ್ಯರ್ಥ ಮಾಡಬಾರದು. ಹಯಲ್ಯುರೋನಿಕ್ ಜೆಲ್‌ಗಾದರೆ ಅದನ್ನು ಕರಗಿಸುವ ಹಯಲ್ಯುರೋನಿಡೇಸ್ ಎಂಬ ಕಿಣ್ವವಿದೆ. ಅದು ಕೈಗೆಟಕುವಲ್ಲಿ ಇಲ್ಲದ ಕಡೆ ಫಿಲ್ಲರ್ ಹಾಕಿಸಿಕೊಳ್ಳಬಾರದು ಎಂದು ತಜ್ಞೆ ಒತ್ತಿ ಹೇಳಿದರು. ಪಿ.ಆರ್.ಪಿ. ಚುಚ್ಚುಮದ್ದಿನ ನಂತರ ದೃಷ್ಟಿ ಕಳೆದುಕೊಂಡ ವಿರಳ ಪ್ರಕರಣಗಳೂ ವರದಿಯಾಗಿವೆ. ಸೂಜಿ ಮುಖಕ್ಕಿಳಿಯುವಾಗ ಕೈ ತಪ್ಪಿದರೆ ಒಳಗಿರುವುದು ಸ್ವಂತ ರಕ್ತವೋ ಹೊರಗಿನ ಜೆಲ್ಲೋ ಎಂಬುದು ರಕ್ಷಣೆಯಾಗದು.

ಈಗ ಧರ್ಮದ ಪ್ರಶ್ನೆಗೆ ಬರೋಣ. ಅಲ್ಲಾಹನ ಸೃಷ್ಟಿಯನ್ನು ಬದಲಾಯಿಸುವಂತೆ ಮನುಷ್ಯರನ್ನು ಪ್ರೇರೇಪಿಸುವೆನೆಂದು ಶೈತಾನನು ಶಪಥ ಮಾಡಿದ ಪ್ರಸ್ತಾಪ ಸೂರಃ ಅನ್ನಿಸಾದಲ್ಲಿದೆ. ಹಚ್ಚೆ ಹಾಕುವವರು, ಹುಬ್ಬಿನ ಕೂದಲು ಕೀಳಿಸುವವರು, ಸೌಂದರ್ಯಕ್ಕಾಗಿ ಹಲ್ಲುಗಳ ನಡುವೆ ಅಂತರ ಮಾಡಿಸಿಕೊಳ್ಳುವವರು ಇವರ ಕುರಿತ ಕಠಿಣ ಎಚ್ಚರಿಕೆ ಅಬ್ದುಲ್ಲಾ ಇಬ್ನ್ ಮಸ್‌ಊದ್(ರ) ಅವರ ಮೂಲಕ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ವರದಿಯಾಗಿದೆ. ಆ ಹದೀಸಿನಲ್ಲಿ ‘ಸೌಂದರ್ಯಕ್ಕಾಗಿ’ ಎಂಬ ಮಾತಿರುವುದನ್ನು ಹಿಡಿದು, ಚಿಕಿತ್ಸೆಗಾಗಿಯೋ ಹಲ್ಲಿನ ದೋಷ ನಿವಾರಣೆಗಾಗಿಯೋ ಮಾಡಿಸಿದರೆ ತಪ್ಪಿಲ್ಲವೆಂದು ಇಮಾಮ್ ನವವಿ(ರಹ್) ವಿವರಿಸಿದ್ದಾರೆ. ಅರ್ಫಜಾ ಇಬ್ನ್ ಅಸ್‌ಅದ್(ರ) ಎಂಬ ಸಹಾಬಿ ಅಜ್ಞಾನಕಾಲದ ಯುದ್ಧವೊಂದರಲ್ಲಿ ಮೂಗು ಕಳೆದುಕೊಂಡಿದ್ದರು. ಬೆಳ್ಳಿಯ ಮೂಗು ದುರ್ವಾಸನೆ ಬೀರತೊಡಗಿದಾಗ ಚಿನ್ನದ ಮೂಗು ಮಾಡಿಸಿಕೊಳ್ಳುವಂತೆ ಪ್ರವಾದಿ(ಸ)ರವರು ಅವರಿಗೆ ಹೇಳಿದರು. ಗಂಡಸರಿಗೆ ಚಿನ್ನ ನಿಷಿದ್ಧ ಎಂಬುದನ್ನು ನೆನೆದರೆ ಈ ಅನುಮತಿಯ ಆಳ ತಿಳಿಯುತ್ತದೆ. ಕಳೆದುಕೊಂಡುದನ್ನು ಮರಳಿ ಪಡೆಯಲು ಹೊರಗಿನ ವಸ್ತುವೊಂದು ಮುಖವನ್ನು ಸೇರಿತು. ಅದು ಸೃಷ್ಟಿಯ ಬದಲಾವಣೆ ಎನಿಸಲಿಲ್ಲ.

ಒ.ಐ.ಸಿ. ಆಶ್ರಯದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿ 2007ರಲ್ಲಿ ಮಲೇಷ್ಯಾದ ಪುತ್ರಜಯದಲ್ಲಿ ನಡೆದ ತನ್ನ 18ನೇ ಅಧಿವೇಶನದಲ್ಲಿ ಇದೇ ದಾರಿಯನ್ನು ಹಿಡಿಯಿತು. ಹುಟ್ಟಿನ ದೋಷ, ಸುಟ್ಟಗಾಯ, ಅಪಘಾತ, ಕಾಯಿಲೆಗಳಿಂದ ಕೆಟ್ಟದ್ದನ್ನು ಸರಿಪಡಿಸಲು ಅದು ಅನುಮತಿಸಿತು. ಸಹಜ ರೂಪವನ್ನು ಬಯಕೆಯಿಂದ ಅಥವಾ ಇತರರ ಅನುಕರಣೆಗಾಗಿ ಬದಲಾಯಿಸುವುದನ್ನು ನಿಷೇಧಿಸಿತು. ಸುಕ್ಕುಗಳನ್ನು ಶಸ್ತ್ರಚಿಕಿತ್ಸೆಯಿಂದಾಗಲಿ ಚುಚ್ಚುಮದ್ದಿನಿಂದಾಗಲಿ ತೆಗೆಸುವುದು, ಅದು ರೋಗಸ್ಥಿತಿಯಾಗಿದ್ದು ಹಾನಿಯ ಭಯವಿಲ್ಲದಿದ್ದರೆ ಹೊರತು, ಸಮ್ಮತವಲ್ಲ ಎಂದೂ ಹೇಳಿತು. ಈ ನಿರ್ಣಯದಲ್ಲಿ ಗಮನಿಸಬೇಕಾದುದು, ಚುಚ್ಚುವ ವಸ್ತು ಯಾವುದೆಂಬುದಕ್ಕಿಂತ ಚುಚ್ಚುವ ಕಾರಣ ಯಾವುದೆಂಬುದಕ್ಕೆ ಅದು ಕೊಟ್ಟ ತೂಕ. ವಯಸ್ಸಿನ ಸಹಜ ಸುಕ್ಕನ್ನು ಮರೆಮಾಚಲು ಸ್ವಂತ ರಕ್ತ ಬಳಸಿದರೂ ಪ್ರಶ್ನೆ ಉಳಿಯುತ್ತದೆ. ಕಾಯಿಲೆ ತಿಂದ ಕೆನ್ನೆಗೆ ಜೆಲ್ ತುಂಬಿಸಿದರೆ ಚಿಕಿತ್ಸೆಯ ಬಾಗಿಲು ತೆರೆದಿರುತ್ತದೆ. ಇತರ ವಿದ್ವಾಂಸರಲ್ಲಿ ಇದಕ್ಕಿಂತ ಸಡಿಲವಾದ ಅಭಿಪ್ರಾಯಗಳೂ ಇವೆ. ಪ್ರತಿಯೊಬ್ಬರೂ ತಾವು ನಂಬುವ ಆಲಿಮರನ್ನು ಕೇಳಿ ಮುಂದುವರಿಯುವುದು ಉಚಿತ.

ವಸ್ತುವಿನ ಪ್ರಶ್ನೆಯೇ ಇಲ್ಲವೆಂದಲ್ಲ. ಹಂದಿಯ ಕೊಲಾಜೆನ್‌ನಿಂದ ಮಾಡಿದ ಫಿಲ್ಲರ್ ಒಂದು ಕಾಲಕ್ಕೆ ಮಾರುಕಟ್ಟೆಯಲ್ಲಿತ್ತು. ಹಯಲ್ಯುರೋನಿಕ್ ಆಮ್ಲವನ್ನು ಹಿಂದೆ ಹುಂಜದ ಜುಟ್ಟಿನಿಂದ ತೆಗೆಯುತ್ತಿದ್ದರು. ಈಗ ಬಹುಮಟ್ಟಿಗೆ ಬ್ಯಾಕ್ಟೀರಿಯಾಗಳ ಹುದುಗುವಿಕೆಯಿಂದ ತಯಾರಿಸುತ್ತಾರೆ. ಪೊಟ್ಟಣದ ಮೇಲಿನ ವಿವರ ನೋಡಿ ಮೂಲವನ್ನು ಕೇಳುವುದು ನಮ್ಮ ಹಕ್ಕು. ಪಿ.ಆರ್.ಪಿ.ಯ ವಿಷಯದಲ್ಲಿ, ಹರಿದ ರಕ್ತ ನಜೀಸ್ ಎಂಬುದು ಅನೇಕರ ಮನಸ್ಸನ್ನು ಕಾಡುವ ಸಂಗತಿ. ನಮ್ಮ ಉಸ್ತಾದರು ರಕ್ತದಾನದ ಉದಾಹರಣೆ ಕೊಟ್ಟರು: ನಿಜವಾದ ಅಗತ್ಯವಿದ್ದಾಗ ಇನ್ನೊಬ್ಬರ ರಕ್ತವನ್ನೇ ಪಡೆಯಲು ಉಲಮಾಗಳು ಅನುಮತಿಸಿರುವಾಗ, ಚಿಕಿತ್ಸೆಗೆ ಸ್ವಂತ ರಕ್ತದ ಬಳಕೆಯನ್ನು ಅದೇ ತಕ್ಕಡಿಯಲ್ಲಿ ತೂಗಬಹುದು; ಆದರೆ ಅಗತ್ಯವೆಂಬ ಷರತ್ತನ್ನು ಮರೆಯಬಾರದು ಎಂದರು. ರಕ್ತ ತೆಗೆದ ಮೇಲೆ ವುಝೂ ವಿಷಯದಲ್ಲಿ ಹನಫಿಗಳು ಮತ್ತೆ ವುಝೂ ಮಾಡಬೇಕು. ಕರಾವಳಿಯಲ್ಲಿ ಹೆಚ್ಚಾಗಿರುವ ಶಾಫಿಈ ಮದ್‌ಹಬಿನವರ ವುಝೂ ಇದರಿಂದ ಮುರಿಯುವುದಿಲ್ಲ. ಅವಸರವಿಲ್ಲದ ಇಂಥ ಚಿಕಿತ್ಸೆಯನ್ನು ರಮಝಾನಿನ ಹಗಲಿನಲ್ಲಿ ಇಟ್ಟುಕೊಳ್ಳದಿರುವುದೇ ಲೇಸು.

ನಮ್ಮ ಮನೆಯ ಎರಡು ಮುಖಗಳ ವಿಷಯ ಹೀಗೆ ತೀರ್ಮಾನವಾಯಿತು. ತಾಯಿಗೆ ಫಿಲ್ಲರ್ ಹೊಂದುತ್ತಿತ್ತು. ಆದರೆ ಅವರು ಹೃದಯಕ್ಕಾಗಿ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದರು. ಅದರಿಂದ ಕಂದುಗಟ್ಟುವಿಕೆ ಹೆಚ್ಚಬಹುದು, ಹೃದಯ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸುವಂತೆಯೂ ಇಲ್ಲ ಎಂದು ತಜ್ಞೆ ತಿಳಿಸಿದರು. ಅವರು ಒಂದು ರಾತ್ರಿ ಯೋಚಿಸಿ ಬೇಡವೆಂದರು. ‘ಈ ಕೆನ್ನೆ ನಾನು ಬದುಕಿ ಬಂದ ದಾರಿಯನ್ನು ತೋರಿಸುತ್ತದೆ, ಮಗಳ ಮದುವೆಗೆ ಇದೇ ಮುಖದಲ್ಲಿ ನಿಲ್ಲುತ್ತೇನೆ’ ಎಂದ ಅವರ ಮಾತಿಗೆ ನಾವು ತಲೆದೂಗಿದೆವು. ಬೇರೊಬ್ಬರು ಅದೇ ಸ್ಥಿತಿಯಲ್ಲಿ ಚಿಕಿತ್ಸೆಯನ್ನೇ ಆಯ್ದುಕೊಂಡರೆ ಅದೂ ಗೌರವಕ್ಕೆ ಅರ್ಹವಾದ ತೀರ್ಮಾನವೇ.

ಮಗಳ ಗುಳಿಗಳು ರೋಗದ ಗುರುತುಗಳು, ಚಿಕಿತ್ಸೆಗೆ ಅಡ್ಡಿಯಿರಲಿಲ್ಲ. ಚರ್ಮದ ಕೆಳಗಿನ ಬಿಗಿದ ಎಳೆಗಳನ್ನು ಬಿಡಿಸುವುದು, ಸೂಕ್ಷ್ಮ ಸೂಜಿಗಳ ಚಿಕಿತ್ಸೆ, ಅದರ ಜೊತೆಗೆ ಪಿ.ಆರ್.ಪಿ. ಎಂಬ ಕ್ರಮವನ್ನು ತಜ್ಞೆ ಸೂಚಿಸಿದರು. ತಿಂಗಳಿಗೊಂದರಂತೆ ನಾಲ್ಕು ಬಾರಿ. ಫಲ ಕಾಣಲು ಇನ್ನೂ ಕೆಲವು ತಿಂಗಳು. ಗುಳಿಗಳು ಆಳ ಕಡಿಮೆಯಾದಾವು, ಪೂರ್ತಿ ಮಾಯವಾಗಲಾರವು. ಏಳು ವಾರಗಳಲ್ಲಿ ಮುಖವನ್ನು ‘ಸರಿಪಡಿಸುವ’ ಮಾತು ಅಲ್ಲಿಗೆ ಮುಗಿಯಿತು. ಹುಡುಗಿ ನಮ್ಮೆಲ್ಲರಿಗಿಂತ ಮೊದಲು ಧೈರ್ಯ ತಂದುಕೊಂಡಳು. ಚಿಕಿತ್ಸೆ ಮಾಡಿಸುವುದಾದರೆ ತನಗಾಗಿ, ತನ್ನ ಸಮಯದಲ್ಲಿ ಮಾಡಿಸುವೆನೆಂದೂ ಅದನ್ನು ನಿಕಾಹ್‌ನ ಷರತ್ತಾಗಲು ಬಿಡುವುದಿಲ್ಲವೆಂದೂ ಹೇಳಿದಳು. ಆ ಮಾತನ್ನು ವರನಿಗೆ ತಲುಪಿಸಲು ನಾವು ಹೋದೆವು. ಹುಡುಗ ಸ್ವಲ್ಪ ಹೊತ್ತು ಮೌನವಾಗಿದ್ದು, ಷರತ್ತಿನ ಮಾತು ತನ್ನದಲ್ಲವೆಂದೂ ಅವಳನ್ನು ಕಣ್ಣಾರೆ ನೋಡಿಯೇ ಒಪ್ಪಿರುವೆನೆಂದೂ ಹೇಳಿದ. ನಿಕಾಹ್ ನಿಶ್ಚಿತ ದಿನದಂದೇ ನಡೆಯಿತು, ಅಲ್‌ಹಮ್ದುಲಿಲ್ಲಾಹ್.

ಎಲ್ಲ ಮನೆಗಳಲ್ಲೂ ಉತ್ತರ ಇಷ್ಟು ಸುಲಭವಾಗಿ ಬರುವುದಿಲ್ಲ ಎಂಬುದನ್ನು ನಾವು ಬಲ್ಲೆವು. ಹೆಣ್ಣು ನೋಡಲು ಹೋಗುವವರು ಚರ್ಮದ ಬಣ್ಣವನ್ನೂ ಕೆನ್ನೆಯ ನಯವನ್ನೂ ಅಳೆದು ಬರುವ ರೂಢಿ ನಮ್ಮ ಸಮುದಾಯದಲ್ಲೂ ಬೇರುಬಿಟ್ಟಿದೆ. ಕುಳ್ಳರೂ ಕುರೂಪಿಯೂ ಎಂದು ಜನ ಕಡೆಗಣಿಸಿದ್ದ ಜುಲೈಬೀಬ್(ರ) ಅವರಿಗಾಗಿ ಪ್ರವಾದಿ(ಸ)ರವರೇ ಅನ್ಸಾರಿಗಳ ಮನೆಗೆ ಸಂಬಂಧ ಕೇಳಿದರು. ಹೆತ್ತವರು ಹಿಂಜರಿದರೂ ಆ ಹೆಣ್ಣುಮಗಳು ಒಪ್ಪಿದಳು. ಈ ಚರಿತ್ರೆಯನ್ನು ಪ್ರವಚನಗಳಲ್ಲಿ ಕೇಳಿ ಕಣ್ಣೀರಿಡುವ ನಾವು, ಹೆಣ್ಣು ನೋಡಲು ಹೊರಟಾಗ ಅದನ್ನು ಮನೆಯಲ್ಲೇ ಬಿಟ್ಟುಹೋಗುತ್ತೇವೆ. ಮುಖಕ್ಕೆ ಚುಚ್ಚುವ ಸೂಜಿಗಿಂತ ಮೊದಲು ಮನಸ್ಸಿಗೆ ಚುಚ್ಚುವ ಮಾತು ನಿಂತರೆ, ಅನೇಕ ಹೆಣ್ಣುಮಕ್ಕಳಿಗೆ ಈ ಚಿಕಿತ್ಸೆಗಳ ಅಗತ್ಯವೇ ಬೀಳದು.

ಆದರೂ ಅಗತ್ಯ ಬೀಳುವವರಿದ್ದಾರೆ. ಅವರು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಕೆಲವೇ. ನನ್ನ ಮುಖದಲ್ಲಿ ಕೆಟ್ಟಿರುವುದು ಚರ್ಮವೋ ಅದರ ಕೆಳಗಿನ ತುಂಬುತನವೋ? ಸೂಜಿ ಹಿಡಿಯುವವರು ಅರ್ಹ ವೈದ್ಯರೇ, ಅವರ ಹೆಸರೂ ನೋಂದಣಿಯೂ ನನಗೆ ತಿಳಿದಿದೆಯೇ? ಸಿರಿಂಜು, ಕೊಳವೆಗಳ ಪೊಟ್ಟಣವನ್ನು ನನ್ನ ಕಣ್ಣೆದುರೇ ಒಡೆದರೇ, ರಕ್ತದ ಕೊಳವೆಯ ಮೇಲೆ ನನ್ನ ಹೆಸರು ಬರೆದರೇ? ಫಿಲ್ಲರ್ ಆದರೆ ಅದರ ಮೂಲವೇನು, ಕರಗಿಸುವ ಮದ್ದು ಅಲ್ಲಿದೆಯೇ? ನಾನು ಸೇವಿಸುವ ಮಾತ್ರೆಗಳು, ನನ್ನ ಕಾಯಿಲೆಗಳು, ಗರ್ಭಿಣಿಯಾಗಿದ್ದರೆ ಆ ವಿಷಯ ವೈದ್ಯರಿಗೆ ಗೊತ್ತೇ? ಕೊನೆಯದಾಗಿ, ಇದನ್ನು ನಾನು ಯಾರಿಗಾಗಿ, ಯಾವ ನಿಯ್ಯತ್ತಿನಿಂದ ಮಾಡಿಸುತ್ತಿದ್ದೇನೆ? ಮೊದಲಿನ ಪ್ರಶ್ನೆಗಳಿಗೆ ವೈದ್ಯರ ಬಳಿ ಉತ್ತರವಿದೆ. ಕೊನೆಯ ಪ್ರಶ್ನೆಗೆ ನಾವೇ, ಏಕಾಂತದಲ್ಲಿ, ಹೃದಯಗಳನ್ನು ಅರಿಯುವವನ ಮುಂದೆ ಉತ್ತರ ಕೊಡಬೇಕು.

ಅಲ್ಲಾಹನು ನಮ್ಮ ರೂಪವನ್ನು ಸುಂದರಗೊಳಿಸಿದಂತೆ ನಮ್ಮ ನಡತೆಯನ್ನೂ ಸುಂದರಗೊಳಿಸಲಿ. ರೋಗಿಗಳಿಗೆ ಶಿಫಾ ನೀಡಲಿ. ನಮ್ಮ ಹೆಣ್ಣುಮಕ್ಕಳನ್ನು ಗೌರವದಿಂದ ಕಾಣುವ ಕಣ್ಣುಗಳನ್ನು ನಮಗೆಲ್ಲ ದಯಪಾಲಿಸಲಿ. ಆಮೀನ್.